ಗಡಿ ದಾಟಿದ ಅಂಗಡಿ, ಬೆನ್ನು ಹತ್ತಿದ ತೆರಿಗೆ

ವ್ಯಾಪಾರಿಯ ಹಿಂದೆ ನೆರಳು ಬಾರದಿದ್ದರೂ ತೆರಿಗೆ ಬಂದೇ ಬರುತ್ತದೆ. ಅದರ ಹಿಂದೆಯೇ ಒಂದಲ್ಲ ಒಂದು ತಮಾಷೆಯೂ ಬರುತ್ತದೆ. ಒಬ್ಬ ದೊರೆಯ ಸೀಮೆಯಿಂದ ಇನ್ನೊಬ್ಬ ದೊರೆಯ ಸೀಮೆಗೆ ಅಂಗಡಿ ಸಾಗಿಸಿದವನಿಗಂತೂ ಎರಡೂ ಜೋಡಿಯಾಗಿ ಬರುತ್ತವೆ.

ನಾನು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಯ ವ್ಯಾಪಾರ ಮಾಡಿಕೊಂಡಿದ್ದವನು. ನೇಯುವವರು ಅಲ್ಲಿದ್ದರು, ಕೊಳ್ಳುವವರು ಮೈಸೂರಿನಲ್ಲಿದ್ದರು. ಹೀಗಾಗಿ ಸಂಸಾರ ಕಟ್ಟಿಕೊಂಡು ಬಂದು ಸಂತೆಪೇಟೆಯಲ್ಲಿ ಅಂಗಡಿ ತೆರೆದೆ. ಬಸ್ಸಿನಲ್ಲಿ ಕೂತರೆ ಅರ್ಧ ದಿನದ ದಾರಿ, ಅಷ್ಟೇ. ಆದರೆ ಕೊಳ್ಳೇಗಾಲ ಮದರಾಸಿನ ಇಂಗ್ಲಿಷ್ ಸರ್ಕಾರಕ್ಕೆ ಸೇರಿದ್ದು, ಮೈಸೂರು ಮಹಾರಾಜರದ್ದು. ವರ್ಷ ತಿರುಗುವಷ್ಟರಲ್ಲಿ ಎರಡೂ ಕಡೆಯ ವರಮಾನ ತೆರಿಗೆಯವರು, "ನಿಮ್ಮ ಲಾಭ ನಮ್ಮಲ್ಲಿ ಹುಟ್ಟಿದ್ದು" ಎಂದು ಕರೆ ಕಳುಹಿಸಿದರು. ಹುಟ್ಟಿದ್ದು ಒಂದೇ ಕೂಸು, ತಂದೆ ಅಂತ ಬಂದವರು ಇಬ್ಬರು! ಇಬ್ಬರಿಗೂ ಕೊಟ್ಟರೆ ಹೊಸ ಅಂಗಡಿಗೆ ಬೀಗ ಹಾಕಿ ಬಂದ ದಾರಿ ಹಿಡಿಯಬೇಕಿತ್ತು.

ವಕೀಲರ ಎರಡು ಫೀಸು

ಮೊದಲು ಅಗ್ರಹಾರದ ಕಡೆಯ ಒಬ್ಬ ವಕೀಲರ ಮನೆಗೆ ಹೋದೆ. ಅರಮನೆಯ ಚಾಕರಿಯ ಮನೆತನ, ಜರಿಪೇಟ, ಮಾತಿಗೊಂದು ಶ್ಲೋಕ. ನನ್ನ ಕಥೆಯನ್ನೆಲ್ಲ ಕೇಳಿ, ನಶ್ಯ ಏರಿಸಿ, "ಶೆಟ್ಟರೇ, ಇದು ಎರಡು ಸರ್ಕಾರದ ಕಾನೂನು. ಎರಡನ್ನೂ ಓದಬೇಕು. ಆದ್ದರಿಂದ ಫೀಸೂ ಎರಡು" ಅಂದರು.

"ಸ್ವಾಮಿ, ಹೋದ ತಿಂಗಳು ತಮ್ಮ ಮನೆಯವರು ನಮ್ಮ ಅಂಗಡಿಯಲ್ಲಿ ಸೀರೆ ತಗೊಂಡರಲ್ಲ?"

"ಹೌದು, ಒಳ್ಳೇ ಸೀರೆ."

"ಅದಕ್ಕೆ ಎರಡು ಅಂಚಿತ್ತು. ನಾನು ಎರಡು ಸೀರೆಯ ಬೆಲೆ ಕೇಳಿದೆನಾ?"

ಒಳಗಡೆ ಅಡುಗೆಮನೆಯಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ವಕೀಲರು ಒಂದೇ ಫೀಸಿಗೆ ಇಳಿದರು. ಅವರು ಕೊಟ್ಟ ಸಲಹೆ ಇಷ್ಟೇ: "ಅಂಗಡಿ, ಸಂಸಾರ ಎರಡನ್ನೂ ಪೂರಾ ಕಿತ್ತುಕೊಂಡು ಬಂದಿದ್ದೀರಿ ಅಂತ ಕೊಳ್ಳೇಗಾಲದ ಆಫೀಸರಿಗೆ ಮನವರಿಕೆ ಮಾಡಿಕೊಡಿ. ಅವರು ಕೈಬಿಡುತ್ತಾರೆ. ಮೈಸೂರಿಗೆ ಮಾತ್ರ ಕಟ್ಟಿದರಾಯಿತು."

ಎದ್ದು ಬರುವಾಗ ಬಾಗಿಲ ಸಂದಿಯಿಂದ ಹೆಂಗಸಿನ ದನಿ ಬಂತು: "ಶೆಟ್ಟರೇ, ಆ ಅಂಚಿನ ಮಾತು ಚೆನ್ನಾಗಿತ್ತು ಕಣ್ರೀ. ಇನ್ನೊಂದು ಸೀರೆ ತೆಗೆದಿಟ್ಟಿರಿ!" ವಕೀಲರು ಆ ಹೊತ್ತಿಗೆ ಹೇಳಿದ ಶ್ಲೋಕ ಯಾವುದೋ ನನಗೆ ಅರ್ಥವಾಗಲಿಲ್ಲ.

ದಸರೆಯ ನೆಂಟರು

ಮೈಸೂರಿನ ತೆರಿಗೆ ಸಾಹೇಬರು ಬಹಳ ಮರ್ಯಾದಸ್ಥರು. "ದಯಮಾಡಿಸಬೇಕು, ಕೂತುಕೊಳ್ಳಬೇಕು" ಎಂದು ಕುರ್ಚಿ ತೋರಿಸಿದರು. ಅಷ್ಟು ಮರ್ಯಾದೆ ಕೊಡುವ ಕಡೆ ಜೇಬು ಹಗುರವಾಗುತ್ತದೆ ಎನ್ನುವುದು ನನ್ನ ಅನುಭವ.

"ತಾವು ಮೈಸೂರಿನವರಾಗಿದ್ದು ಯಾವಾಗಿನಿಂದ?" ಎಂದು ಕೇಳಿದರು.

"ದಸರೆಗೆ ಕೊಳ್ಳೇಗಾಲದ ನೆಂಟರು ನಮ್ಮ ಮನೆಗೆ ಬಂದು ಠಿಕಾಣಿ ಹಾಕಿದರಲ್ಲ, ಅವತ್ತಿನಿಂದ ಸ್ವಾಮಿ."

ಸಾಹೇಬರು ನಕ್ಕರು. ನಗುವಾಗಲೇ ಕೇಳಬೇಕು ಎಂದು ನಾನು ಮುಂದುವರಿಸಿದೆ: "ಆ ನೆಂಟರ ಊಟದ ಖರ್ಚನ್ನು ಲಾಭದಲ್ಲಿ ಕಳೆಯಬೇಕು."

"ನೆಂಟರ ಊಟ ಮನೆಖರ್ಚು ಶೆಟ್ಟರೇ. ವ್ಯಾಪಾರದ ಖರ್ಚಲ್ಲ."

"ಊಟ ಮಾಡಿ ಎದ್ದವರನ್ನೆಲ್ಲ ಅಂಗಡಿಗೆ ಕರಕೊಂಡು ಹೋಗಿ ಸೀರೆ ಮಾರಿದ್ದೀನಿ."

ಸಾಹೇಬರು ಲೇಖನಿ ಕೆಳಗಿಟ್ಟರು. "ನೆಂಟರಿಗೂ ಮಾರಿದಿರಾ?"

"ಬಿಟ್ಟಿ ಕೊಟ್ಟಿದ್ದರೆ ನನಗೆ ಲಾಭ ಎಲ್ಲಿ ಬರ್ತಿತ್ತು? ತಮಗೆ ತೆರಿಗೆ ಎಲ್ಲಿ ಬರ್ತಿತ್ತು?"

ಖರ್ಚನ್ನಂತೂ ಅವರು ಕಳೆಯಲಿಲ್ಲ. ಆದರೆ ಈ ಮಾತನ್ನು ಮನೆಗೆ ಹೋಗಿ ಹೇಳಿದರು ಅಂತ ಕಾಣುತ್ತದೆ. ಸಂಜೆಗೆ ಅವರ ಮನೆಯವರು, ಅತ್ತಿಗೆ, ನಾದಿನಿ ಎಲ್ಲರೂ, ನೆಂಟರಿಗೂ ಮಾರುವ ಆ ಶೆಟ್ಟರನ್ನು ನೋಡಬೇಕೆಂದು ಜಟಕಾ ಮಾಡಿಕೊಂಡು ಅಂಗಡಿಗೆ ಬಂದರು. ನೋಡಿ ಬರಿಗೈಲಿ ಹೋಗಲಿಲ್ಲ. ದಸರೆಯ ಊಟದ ಖರ್ಚು ಆ ಒಂದು ಸಂಜೆಯಲ್ಲಿ ಹುಟ್ಟಿತು.

ಗಡಿಕಲ್ಲು

ಇದು ಚಿಕ್ಕದು. ಕೊಳ್ಳೇಗಾಲದ ಆಫೀಸರನ್ನು ಕಾಣಲು ಮನೆಯಾಕೆಯ ಜೊತೆ ಬಸ್ಸಿನಲ್ಲಿ ಹೊರಟಿದ್ದೆ. ಪಕ್ಕದಲ್ಲಿ ಕೂತವರು ಸುಮ್ಮನೆ ಮಾತಿಗೆ, "ಯಾವೂರಾಯ್ತು ತಮ್ಮದು?" ಅಂದರು. ತೆರಿಗೆಯ ಗುಮಾಸ್ತರು ಎಲ್ಲೆಲ್ಲಿ ಕೂತಿರುತ್ತಾರೋ ಯಾರಿಗೆ ಗೊತ್ತು? ನಾನು ಕಿಟಕಿಯಾಚೆ ಬಗ್ಗಿ ನೋಡಿದೆ.

"ಏನು ನೋಡ್ತಿದೀರಿ?"

"ಗಡಿಕಲ್ಲು ದಾಟಿತಾ ಅಂತ."

"ದಾಟಿದರೆ ಏನು?"

"ಮೈಸೂರಿನವನು ಅಂತ ಕೊಳ್ಳೇಗಾಲದ ತೆರಿಗೆಯವರಿಗೆ ಕೇಳೋ ಹಾಗೆ ಜೋರಾಗಿ ಹೇಳ್ತೀನಿ. ದಾಟಿಲ್ಲದಿದ್ದರೆ ಮೆಲ್ಲಗೆ ಹೇಳ್ತೀನಿ."

ಅವರು ಪಾಪ ವೀಳ್ಯದೆಲೆ ವ್ಯಾಪಾರಿ. ಮುಂದಿನ ಊರು ಬರುತ್ತಲೇ ಎದ್ದು ಬೇರೆ ಕಡೆ ಕೂತರು.

ಅಟ್ಟದ ಮೇಲಿನ ಗುರುತು

ಕೊಳ್ಳೇಗಾಲದ ಆಫೀಸರು ಕೊಯಮತ್ತೂರಿನ ಕಡೆಯವರು, ಅಲ್ಲಿಂದ ವರ್ಗವಾಗಿ ಬಂದವರು. ಮಾತು ಬಿರುಸು. "ನಿಮ್ಮ ಹಳೇ ಮನೆ ತೋರಿಸಿ. ಸಂಸಾರ ಎಲ್ಲಿದೆ ಅಂತ ನನ್ನ ಕಣ್ಣೇ ಹೇಳ್ತದೆ" ಎಂದು ನಮ್ಮ ಜೊತೆಯಲ್ಲೇ ಹೊರಟರು. ಬೀಗ ತೆಗೆದೆ. ನಮ್ಮ ಗ್ರಹಚಾರ, ಗಾಡಿ ಬಾಡಿಗೆ ಉಳಿಸಲು ದೊಡ್ಡ ಸಾಮಾನನ್ನೆಲ್ಲ ಅಲ್ಲೇ ಬಿಟ್ಟಿದ್ದೆವು.

"ತೂಗುಮಣೆ ಇದೆ" ಎಂದರು ಆಫೀಸರು. "ಮಂಚ ಇದೆ. ತೊಟ್ಟಿಲೂ ಇದೆ! ಶೆಟ್ಟರೇ, ತೊಟ್ಟಿಲು ಇಲ್ಲಿಟ್ಟು ಸಂಸಾರ ಅಲ್ಲಿದೆ ಅಂತೀರಾ?"

"ಸ್ವಾಮಿ, ಆ ತೊಟ್ಟಿಲಲ್ಲಿ ಮಲಗಿದ್ದವನಿಗೆ ಈಗ ಮೀಸೆ ಬಂದಿದೆ" ಅಂದೆ. ಕೇಳಿಸಿಕೊಳ್ಳಲಿಲ್ಲ.

ಹಿತ್ತಲಿಗೆ ನುಗ್ಗಿ, "ಒರಳುಕಲ್ಲು! ಒರಳು ಇದ್ದ ಕಡೆ ಮನೆ. ತೀರ್ಮಾನ ಆಯ್ತು, ತೆರಿಗೆ ಇಲ್ಲೇ ಕಟ್ಟಬೇಕು" ಎಂದುಬಿಟ್ಟರು. ಸಂತೆಪೇಟೆಯ ಅಂಗಡಿಗೆ ಬೀಗ ಬಿದ್ದದ್ದು ಕಣ್ಣೆದುರಿಗೇ ಕಂಡಿತು.

ಹಿಂದೆಯೇ ಬಂದ ಮನೆಯಾಕೆ ಸೆರಗು ಸಿಕ್ಕಿಸಿದಳು. "ಒರಳು ಮೈಸೂರಲ್ಲೂ ಸಿಗುತ್ತೆ ಸ್ವಾಮಿ. ಅಡುಗೆಮನೆಗೆ ಬನ್ನಿ, ಆ ಅಟ್ಟ ನೋಡಿ."

ಆಫೀಸರು ಕತ್ತೆತ್ತಿ ನೋಡಿದರು. "ಬರೀ ಧೂಳು."

"ಧೂಳಿನ ನಡುವೆ ಏನಿದೆ?"

"ದುಂಡು ದುಂಡಗೆ ಗುರುತು ಇದೆ."

"ಉಪ್ಪಿನಕಾಯಿ ಜಾಡಿ ಕೂತಿದ್ದ ಗುರುತು. ನಮ್ಮತ್ತೆ ಕಾಲದಿಂದ ಕೂತಿದ್ದವು. ಈಗ ಮೈಸೂರಲ್ಲಿ ಕೂತಿವೆ. ಮಂಚ ಬಿಟ್ಟು ಹೋದೆ, ಜಾಡಿ ಮಾತ್ರ ದಾರಿಯುದ್ದಕ್ಕೂ ತೊಡೆ ಮೇಲಿಟ್ಟುಕೊಂಡು ಹೋದೆ."

"ನೋಡಮ್ಮ, ಉಪ್ಪಿನಕಾಯಿ ಜಾಡಿಯ ವಿಷಯ ಯಾವ ಕಾನೂನಿನಲ್ಲೂ ಇಲ್ಲ."

"ಕಾನೂನು ಬರೆದವರು ಗಂಡಸರು, ಅದಕ್ಕೇ ಇಲ್ಲ. ಹೋಗಲಿ, ತಮಗೆ ಈ ಊರಿಗೆ ವರ್ಗವಾಗಿ ಎಷ್ಟು ದಿನವಾಯ್ತು?"

"ವರ್ಷದ ಮೇಲಾಯ್ತು."

"ತಮ್ಮ ಮನೆ ಜಾಡಿ ಎಲ್ಲಿದೆ?"

ಆಫೀಸರ ದನಿ ಇಳಿಯಿತು. "ಕೊಯಮತ್ತೂರಿನಲ್ಲೇ. ನಮ್ಮವಳು ಈ ಊರಿಗೆ ಬರಲ್ಲ ಅಂತ ಹಟ ಹಿಡಿದಿದ್ದಾಳೆ. ಹೋಟೆಲ್ ಊಟ ನನ್ನದು."

"ಮಂಚ, ಕುರ್ಚಿ?"

"ಅವನ್ನೆಲ್ಲ ಇಲ್ಲಿಗೆ ತಂದಿದ್ದೀನಿ."

"ಈಗ ತಾವೇ ಹೇಳಿ ಸ್ವಾಮಿ. ಮಂಚ ಇಲ್ಲಿದೆ, ಜಾಡಿ ಅಲ್ಲಿದೆ. ತಮ್ಮ ಸಂಸಾರ ಎಲ್ಲಿದೆ?"

ಆಫೀಸರು ಅಟ್ಟ ನೋಡಿದರು, ನನ್ನ ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಅಟ್ಟದ ಕೆಳಗೇ ನಿಂತು, "ಈ ಸಂಸಾರ ಮೈಸೂರಿಗೆ ಹೋಗಿದೆ" ಎಂದು ಬರೆದು ರುಜು ಹಾಕಿದರು. ಎರಡು ಸರ್ಕಾರದಲ್ಲಿ ಒಂದು ನನ್ನ ಹೆಗಲಿಂದ ಇಳಿಯಿತು.

ಬಾಗಿಲು ದಾಟುವಾಗ ಅವರು ಸಂಕೋಚದಿಂದ ತಿರುಗಿ ನಿಂತರು. "ಅಮ್ಮಾ, ಜಾಡೀಲಿರೋದು ಮಾವಿನಮಿಡಿಯಾ?"

"ಹೌದು."

"ಮುಂದಿನ ಸಲ ಬರುವಾಗ ಸ್ವಲ್ಪ ತರೋಕಾಗುತ್ತಾ?"

"ಮೈಸೂರಿಗೆ ಬನ್ನಿ, ಎಲೆ ಹಾಕಿ ಬಡಿಸ್ತೀನಿ" ಎಂದಳು ಮನೆಯಾಕೆ. "ಒಂದೇ ಒಂದು ಮಿಡಿ ಇಲ್ಲಿಗೆ ತಂದರೂ, ಸಂಸಾರ ವಾಪಸ್ ಬಂತು ಅಂತ ತೆರಿಗೆ ಹಾಕಿಬುಡ್ತೀರಿ!"