ನಾನು ತಲೆಯಾಡಿಸಿ ಒಪ್ಪಿದ ಆಫ್ರಿಕಾದ ರಾಜಧಾನಿಗಳು

ತಂಗಿಯ ಪರೀಕ್ಷೆಗೆ ನೆರವಾಗಬೇಕಿದ್ದ ನಾನು ತಿಂಗಳುಗಟ್ಟಲೆ ಬರೀ ತಲೆಯಾಡಿಸಿದೆ, ಬೇರೇನೂ ಮಾಡಲಿಲ್ಲ. ತಲೆಯಾಡಿಸಿ ಕೆಟ್ಟವರು ಮದುವೆಯಾದ ಗಂಡಸರು ಮಾತ್ರ ಎಂದುಕೊಂಡಿದ್ದೆ, ಅಣ್ಣಂದಿರೂ ಇದ್ದಾರೆ.

ದೊಡ್ಡಬಳ್ಳಾಪುರದ ನಮ್ಮ ನಡುಮನೆಯಲ್ಲೇ ಎರಡು ಪವರ್‌ಲೂಮ್ ಓಡುತ್ತವೆ. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟು ಮಗ್ಗ ಹಿಡಿದವನು. ತಂಗಿ ರೇಖಾ ಡಿಗ್ರಿ ಮುಗಿಸಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದಾಳೆ. ಈ ಸಲವೂ ಆಗದಿದ್ದರೆ ಓದು ಸಾಕು, ಗಂಡು ಹುಡುಕುತ್ತೇನೆ ಎಂದು ಅಮ್ಮ ಹೇಳಿಬಿಟ್ಟಿದ್ದಾಳೆ. ಆಫ್ರಿಕಾದ ಅಷ್ಟೊಂದು ದೇಶಗಳ ರಾಜಧಾನಿಗಳು ಮಾತ್ರ ರೇಖಾಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಪುಸ್ತಕ ನನ್ನ ಕೈಗಿಟ್ಟು, "ಅಣ್ಣಾ, ನಾನು ಹೇಳ್ತಾ ಹೋಗ್ತೀನಿ, ತಪ್ಪಿದ್ರೆ ಹಿಡಿ" ಎಂದಳು.

ಮಗ್ಗದ ಸದ್ದಿನಲ್ಲಿ ನಾವು ತುಟಿ ನೋಡಿಯೇ ಮಾತು ತಿಳಿಯುವವರು. 'ಊಟಕ್ಕೆ ಬಾ', 'ಎಳೆ ಕಡಿದಿದೆ' ಎಂಬುದಕ್ಕೆಲ್ಲ ಕಿವಿಯೇ ಬೇಡ. ಆದರೆ ಬುರ್ಕಿನಾ ಫಾಸೊದ ವಾಗಡೂಗು ಅವಳ ತುಟಿಗೆ ಬಂದಾಗ, ಬಿಸಿ ಕಾಫಿ ಊದುತ್ತಿದ್ದಾಳೆ ಎನಿಸಿತು. ಮಗ್ಗ ನಿಲ್ಲಿಸಬಹುದಿತ್ತು. ಮದುವೆ ಸೀಸನ್ನಿನ ಸೀರೆ ಎಂಬ ನೆಪವಿತ್ತು. ನಿಜ ಬೇರೆ. ಹುಟ್ಟಿದ ಮೇಲೆ ಮೊದಲ ಸಲ ನಾನು ಮೇಷ್ಟ್ರಾಗಿದ್ದೆ. ತಿಳಿಯಲಿಲ್ಲ ಎಂದು ಮೇಷ್ಟ್ರು ಹೇಳುವುದು ಹೇಗೆ? ಎಲ್ಲಕ್ಕೂ ಗಂಭೀರವಾಗಿ 'ಸರಿ' ಎಂದೆ.

ಮೊನ್ನೆ ಅವಳು ಏನೋ ಹೇಳಿದಳು, ತಲೆಯಾಡಿಸಿದೆ. ಸೀದಾ ಹೋಗಿ ಎರಡೂ ಮಗ್ಗಗಳ ಸ್ವಿಚ್ ಆರಿಸಿದಳು.

"ಕೀನ್ಯಾದ ರಾಜಧಾನಿ ನೆಲಮಂಗಲ ಅಂದೆ. ಸರಿ ಅಂದ್ಬಿಟ್ಯಲ್ಲ, ಮಹಾನುಭಾವ!"

"ನೆಲಮಂಗಲ ಈಗ ಬೋ ಬೆಳೆದೈತಂತೆ ಕಣೇ" ಎಂದೆ.

ನಗು ತಡೆಯಲಾಗದೆ ನಕ್ಕಳು. ಆಮೇಲೆ ಕಣ್ಣು ತುಂಬಿಕೊಂಡಳು. "ನೈಜೀರಿಯಾಕ್ಕೆ ಲಾಗೋಸ್ ಅಂದಾಗ್ಲೂ ಸರಿ ಅಂದಿದ್ದೆ. ಕೋಚಿಂಗ್ ಕ್ಲಾಸ್ ಟೆಸ್ಟಲ್ಲಿ ಹಂಗೇ ಬರೆದ್ಬಂದೆ. ಅಬುಜ ಕಣಣ್ಣಾ ಅದು. ಭಾನುವಾರ ಪರೀಕ್ಷೆ ಇಟ್ಕೊಂಡು ಯಾಕಿಂಗ್ ಮಾಡ್ದೆ?"

ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ನಾನು ಉಣ್ಣಲು ಹೋದಾಗಲೆಲ್ಲ ಓದು ಬಿಟ್ಟು ಬಂದು, ಕಡಿದ ಎಳೆಗೆ ಗಂಟು ಹಾಕುವವಳು ಅವಳು. ಅದನ್ನು ಒಂದು ದಿನವೂ ಎತ್ತಿ ಆಡಿದವಳಲ್ಲ. ಈಗಲೂ ಪುಸ್ತಕ ಕಸಿದುಕೊಳ್ಳಲಿಲ್ಲ. ಮೊದಲ ಪುಟ ತೆಗೆದು ಮತ್ತೆ ನನ್ನ ಕೈಗೇ ಇಟ್ಟು, "ಅಲ್ಜೀರಿಯಾದಿಂದ ಶುರು ಮಾಡೋಣ" ಎಂದಳು. ಇಂಥ ತಂಗಿಯನ್ನು ಕೊಟ್ಟ ದೇವರಿಗೆ ಕೈಮುಗಿಯಬೇಕೋ, ಅವಳಿಗೇ ಮುಗಿಯಬೇಕೋ ತಿಳಿಯಲಿಲ್ಲ.

ಮಗ್ಗದವರಿಗೆ ಮೆತ್ತಗೆ ಮಾತಾಡಿ ಅಭ್ಯಾಸವಿಲ್ಲ. ನಾನು ಪಿಸುಮಾತು ಎಂದುಕೊಂಡದ್ದಕ್ಕೆ ಎದುರು ಮನೆಯವರು ಕಿಟಕಿಗೆ ಬಂದರು:

"ರೇಖಾ, ನಂಗೇನೂ ತಿಳೀತಿರ್ಲಿಲ್ಲ ಕಣೇ. ಹೇಳ್ಕೊಳೋಕೆ ನಾಚ್ಕೆ ಆಯ್ತು. ತಪ್ಪಾಯ್ತು ತಾಯಿ!"