ಹಿಟ್ಟು ಮುಟ್ಟಿದ್ದಕ್ಕೆ ಸೊನ್ನೆ

ಮಾನ್ಯರೇ,

ಹೆಪ್ಪುಗಟ್ಟಿಸಿದ ಹಿಟ್ಟಿನ ಕಾರ್ಖಾನೆಯ ಒಡೆಯರೂ ನಮ್ಮ ಬೇಕರಿ ವೃತ್ತಿಶಾಲೆಯ ಉದ್ಯಮ ಸಲಹಾ ಸಮಿತಿಯ ಅಧ್ಯಕ್ಷರೂ ಆದ ಶ್ರೀ ಕ್ರಾಸಿಮಿರ್ ತೆನೆವ್ ಅವರ ಸನ್ನಿಧಿಗೆ, ಅದೇ ಶಾಲೆಯಲ್ಲಿ ಹಿಂದೆ ಬ್ರೆಡ್ ಮಾಡುವುದನ್ನು ಕಲಿಸುತ್ತಿದ್ದ, ಈಗ ತಮ್ಮ ಕೃಪೆಯಿಂದ ರಟ್ಟಿನ ಪೆಟ್ಟಿಗೆ ತೆರೆಯುವುದನ್ನು ಕಲಿಸುತ್ತಿರುವ ಝಿವ್ಕಾ ರಾದೊಯೆವಾಳ ವಿನಯಪೂರ್ವಕ ನಮಸ್ಕಾರಗಳು. ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ನಾವೆಲ್ಲ ಕ್ಷೇಮ. ತಮ್ಮ ಫ್ರೀಜರ್ ಕೂಡ ಈಗ ಚೇತರಿಸಿಕೊಂಡಿದೆ.

ಶಾಲೆಯ ಪಾಠವನ್ನು ಕಸುಬಿನವರೇ ಕೂತು ರೂಪಿಸಬೇಕು ಎಂಬ ಮಾತು ಬಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು. ಆದರೆ ನೂರು ಜನ ಕೆಲಸಗಾರರಿಲ್ಲದವರಿಗೆ ಸಮಿತಿಯಲ್ಲಿ ಕುರ್ಚಿಯಿಲ್ಲ ಎಂಬ ನಿಯಮದಿಂದಾಗಿ ಊರಿನ ಬೇಕರಿಯವರೆಲ್ಲ ಹೊರಗುಳಿದು, ಸಮಿತಿಯಲ್ಲಿ ತಾವು, ತಮ್ಮ ಮ್ಯಾನೇಜರು ಮತ್ತು ತಮ್ಮ ಭಾವಮೈದುನ ಮಾತ್ರ ಉಳಿದಿರಿ. ಒಮ್ಮತಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇರಲಿಕ್ಕಿಲ್ಲ. ಮೊದಲ ಸಭೆಯಲ್ಲೇ ತಾವು, "ಈ ಕಾಲದಲ್ಲಿ ಹಿಟ್ಟು ನಾದೋದು ಯಾಕ್ರೀ ಮೇಡಂ? ನಮ್ಮ ಹಿಟ್ಟಿನ ಪೆಟ್ಟಿಗೆ ಬಿಚ್ಚೋಕೆ, ಓವನ್ ಗುಂಡಿ ಒತ್ತೋಕೆ ಬಂದ್ರೆ ಸಾಕಲ್ವಾ?" ಎಂದಿರಿ. ಹಿಟ್ಟಿನ ಉಗ್ರಾಣ ತಮ್ಮ ಫ್ರೀಜರ್ ಕೋಣೆಯಾಯಿತು, ನಾದುವ ಪಾಠದ ಜಾಗಕ್ಕೆ ಪೆಟ್ಟಿಗೆ ಬಿಚ್ಚುವ ಪಾಠ ಬಂತು. ಅಂಗಳದ ಕಟ್ಟಿಗೆ ಭಟ್ಟಿಯನ್ನು ಕೆಡವಲು ಮಾತ್ರ ಆಳು ಸಿಗಲಿಲ್ಲ.

ಬೇಕರಿಯವಳಾಗಬೇಕೆಂದೇ ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ರಲಿತ್ಸಾ ಒಂದು ದಿನ, "ಮೇಡಂ, ನಾವು ಹಿಟ್ಟು ಮುಟ್ಟೋದು ಯಾವಾಗ?" ಎಂದು ಕೇಳಿದಳು. ಅಂಥದ್ದೇನೂ ಪಠ್ಯಕ್ರಮದಲ್ಲಿಲ್ಲ ಎಂದು ನಾನು ಪ್ರಾಮಾಣಿಕವಾಗಿ ಉತ್ತರಿಸಿದೆ.

ಆಮೇಲೆ ಬಂತು ಪ್ರಾಯೋಗಿಕ ಪರೀಕ್ಷೆ. ಹಿಂದಿನ ಸಂಜೆಯ ಬಿರುಗಾಳಿಗೆ ಊರಿನ ಕರೆಂಟು ಹೋಗಿ, ಬೆಳಿಗ್ಗೆ ಪರೀಕ್ಷಕರಾದ ತಾವೇ ಫ್ರೀಜರ್ ಬಾಗಿಲು ತೆಗೆದಾಗ, ತಮ್ಮ ಹಿಟ್ಟು ಕರಗಿ, ಉಬ್ಬಿ, ಪೆಟ್ಟಿಗೆಗಳನ್ನು ಹರಿದುಕೊಂಡು ತಮ್ಮ ಬೂಟಿನ ಮೇಲೆಯೇ ಇಳಿದು ಬಂದದ್ದು ಒಡೆಯರ ಮೇಲಿನ ಅದರ ಭಕ್ತಿಗೆ ಸಾಕ್ಷಿ. "ಯಾರೂ ಮುಟ್ಬೇಡಿ! ನಮ್ಮ ಕಾರ್ಖಾನೆ ಸಹಾಯವಾಣಿಗೆ ಫೋನ್ ಮಾಡ್ತೀನಿ" ಎಂದಿರಿ. ಸಹಾಯವಾಣಿಯವರು "ಎಲ್ಲಾ ಎಸೆದ್ಬಿಡಿ ಸಾರ್" ಎಂದರು.

ರಲಿತ್ಸಾ ಅಷ್ಟರಲ್ಲಿ ಅಂಗಿಯ ತೋಳು ಮಡಚಿಯಾಗಿತ್ತು. "ಎಸೆಯೋದ್ಯಾಕೆ? ಇನ್ನೂ ತಣ್ಣಗಿದೆ, ಹುಳಿ ವಾಸ್ನೇನೂ ಇಲ್ಲ. ನಮ್ಮಜ್ಜಿ ಇದನ್ನ ಗುದ್ದಿ ಮತ್ತೆ ಉಂಡೆ ಕಟ್ತಾ ಇದ್ಲು. ಏಯ್, ಕಟ್ಟಿಗೆ ತರ್ರೋ!" ಎಂದಳು. ಇಡೀ ತರಗತಿ ಮೊಣಕೈವರೆಗೂ ಹಿಟ್ಟಾಯಿತು. ಭಟ್ಟಿ ಕಾದು, ಮೊದಲ ಬ್ರೆಡ್ ಹೊರಬಿದ್ದಾಗ ಆ ಮಕ್ಕಳ ಮುಖದಲ್ಲಿ ಕಂಡದ್ದನ್ನು ಈ ವರ್ಷವಿಡೀ ನಾನು ಕಂಡಿರಲಿಲ್ಲ. ಕರೆಂಟಿಲ್ಲದೆ ಅಂಗಡಿ ಮುಚ್ಚಿದ್ದ ಬೀದಿಯವರೆಲ್ಲ ಬಂದು ತಿಂದರು. ತಾವೂ ಬಿಳಿ ಚೀಸಿನ ಜೊತೆ ತಿಂದು, "ಚೆನ್ನಾಗಿದೆ, ಇನ್ನೊಂದು ತುಂಡು ಕೊಡಮ್ಮ" ಎಂದು ಕೇಳಿ ಅದನ್ನೂ ತಿಂದು, ಬಾಯಿ ಒರೆಸಿಕೊಂಡು, ರಲಿತ್ಸಾಳಿಗೆ ಸೊನ್ನೆ ಅಂಕ ಕೊಟ್ಟಿರಿ. ಕಾರಣ: "ಕೈಯಿಂದ ಹಿಟ್ಟು ಮುಟ್ಟಿದ್ದಾಳೆ." ರುಚಿಯಾಗಲಿ ಹಸಿವೆಯಾಗಲಿ ತಮ್ಮ ನಿಷ್ಪಕ್ಷಪಾತತೆಯನ್ನು ಅಲುಗಿಸಲಾರದು ಎಂದು ಅಂದು ತಿಳಿಯಿತು.

ಹುಡುಗಿ ಭಟ್ಟಿಯ ಹಿಂದೆ ಕೂತು ಅತ್ತಳು. ಪ್ರಮಾಣಪತ್ರವಿಲ್ಲದೆ ಮನೆಗೆ ಹೇಗೆ ಹೋಗಲಿ ಎಂದಳು. ಬ್ರೆಡ್ಡಿನ ವಾಸನೆ ಹಿಡಿದು ಬಂದಿದ್ದ, ಊರಿನ ಬೇಕರಿಯೊಂದರ ಒಡತಿ ವೆಸ್ಕಾ ಮನೊಲೊವಾ, ತಮ್ಮ ಸಮಿತಿಯ ಕುರ್ಚಿಗೆ ಅರ್ಹಳಲ್ಲದ ಅದೇ ವೆಸ್ಕಾ, ಒಂದು ಬ್ರೆಡ್ಡನ್ನು ಮುರಿದು, ಒಳಗನ್ನು ಒತ್ತಿ ನೋಡಿ, "ಅಳ್ಬೇಡ ಕಣೇ. ಸೋಮವಾರ ಬಾ, ಕೆಲ್ಸ ಇದೆ. ಏಪ್ರನ್ ನಾನೇ ಕೊಡ್ತೀನಿ" ಎಂದಳು. ರಲಿತ್ಸಾ ಈಗ ಅಲ್ಲಿದ್ದಾಳೆ. ಶಾಲೆ ಬಿಟ್ಟ ಮೇಲೆ ಉಳಿದ ಮಕ್ಕಳೂ ಅಲ್ಲಿಗೇ ಓಡುತ್ತಾರೆ, ಅವರ ಹಿಂದೆ ನಾನೂ.

ಆದಕಾರಣ ಮಾನ್ಯರಲ್ಲಿ ನನ್ನ ಬೇಡಿಕೆಗಳು ಚಿಕ್ಕವು: ಸಮಿತಿಯ ಅಪ್ಪಣೆಯಿಲ್ಲದೆ ಉಬ್ಬಕೂಡದೆಂದು ಯೀಸ್ಟಿಗೆ ಒಂದು ನೋಟೀಸು ಕೊಡಿ, ಮುಂದಿನ ಬಿರುಗಾಳಿ ಪಠ್ಯಕ್ರಮ ಓದಿಕೊಂಡು ಬರುವಂತೆ ನೋಡಿಕೊಳ್ಳಿ. ಇವೆರಡೂ ಆಗದಿದ್ದರೆ ರಲಿತ್ಸಾಳ ಪ್ರಮಾಣಪತ್ರಕ್ಕೆ ಸಹಿ ಹಾಕಿ, ವೆಸ್ಕಾಳಿಗೊಂದು ಕುರ್ಚಿ ಹಾಕಿಸಿ.

ತಮ್ಮ ವಿಶ್ವಾಸಿ, ಕೈಗೆ ಇನ್ನೂ ಹಿಟ್ಟು ಮೆತ್ತಿರುವ,
ಝಿವ್ಕಾ ರಾದೊಯೆವಾ

ಮರೆತ ಮಾತು: ನಿನ್ನೆ ತಮ್ಮ ಕಾರ್ಖಾನೆಯ ಗೇಟಿನಲ್ಲಿ "ಕೆಲಸಗಾರರು ಬೇಕಾಗಿದ್ದಾರೆ. ಕೈಯಲ್ಲಿ ಹಿಟ್ಟು ನಾದಿ ಅನುಭವ ಇರುವವರಿಗೆ ಆದ್ಯತೆ" ಎಂಬ ಬೋರ್ಡು ಕಂಡೆ. ಅಂಥವರನ್ನು ಯಾವ ಶಾಲೆ ತಯಾರು ಮಾಡುತ್ತದೆ ಎಂದು ದಯವಿಟ್ಟು ತಿಳಿಸಿ. ನನ್ನ ವಿದ್ಯಾರ್ಥಿಗಳನ್ನು ಅಲ್ಲಿಗೇ ಸೇರಿಸುತ್ತೇನೆ.