ಗಾಜಿನ ಕೋಣೆಯಲ್ಲಿ ಸಮುದ್ರ ಬರೆದ ತಪ್ಪಿಗೆ

ಸೃಜನಶೀಲತಾ ಅನುಭವ ಕೇಂದ್ರದ ಘನತೆವೆತ್ತ ನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ,

ಕಲೆಯನ್ನು ಉಳಿಸಲೆಂದೇ ಹುಟ್ಟಿ, ಕಲಾವಿದರನ್ನು ಬೆಳೆಸಲೆಂದೇ ತಣ್ಣನೆಯ ಕೋಣೆಯಲ್ಲಿ ದಿನವಿಡೀ ದಣಿಯುತ್ತಿರುವ ತಮಗೆ, ನಾಟಕದ ಪರದೆ ಬರೆದು ಬದುಕುವ ಹೆಂಗಸೊಬ್ಬಳ ನಮಸ್ಕಾರಗಳು. ತಮ್ಮ ಕ್ಷೇಮ ಸಮಾಚಾರವನ್ನು ಬಣ್ಣದ ಚಿತ್ರದ ಸಮೇತ ಪತ್ರಿಕೆಯಲ್ಲಿ ನೋಡಿದ್ದರಿಂದ ಅದನ್ನು ಮತ್ತೆ ಕೇಳಿ ತಮ್ಮ ಸಮಯ ಹಾಳುಮಾಡುವುದಿಲ್ಲ. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಲಕೋಟೆಯೊಳಗೆ ಇಟ್ಟು ಕಳಿಸಿದ ಹಿಂದಿನ ಪತ್ರಗಳೆಲ್ಲ ತಮ್ಮ ಸ್ವಾಗತ ಮೇಜಿನವರೆಗೆ ಬಂದು, ಅಲ್ಲಿನ ಹೂದಾನಿಯ ಅಂದಕ್ಕೆ ಮರುಳಾಗಿ ಅಲ್ಲೇ ಉಳಿದುಬಿಟ್ಟಿವೆಯೆಂದು ಕೇಳಿದೆ.

ತಮ್ಮ ಕೇಂದ್ರ ಮೊದಲು ನೂಲಿನ ಗೋದಾಮಾಗಿತ್ತು ಎಂಬುದು ತಮ್ಮ ಕರಪತ್ರದಲ್ಲೇ ಇದೆ. ಗೋದಾಮು ಮುಚ್ಚಿದ ಮೇಲೆ ಮತ್ತು ತಾವು ಆಗಮಿಸುವ ಮೊದಲು ಅಲ್ಲಿ ಏನಿತ್ತು ಎಂಬುದು ಮಾತ್ರ ಇಲ್ಲ. ಜಾಗ ಸಾಲದೆ ಹೋಗಿರಬೇಕು. ಅಲ್ಲಿ ನಾವಿದ್ದೆವು. ನಾನು, ನನ್ನ ಅತ್ತೆ, ಮತ್ತು ಪಿಟೀಲು ರಿಪೇರಿ ಮಾಡುವ, ಬೆರಳುಗಳು ಸದಾ ಒಂದಕ್ಕೊಂದು ಅಂಟಿಕೊಂಡೇ ಇರುತ್ತಿದ್ದುದರಿಂದ ಎಲ್ಲರೂ ಗೋಂದಣ್ಣ ಎಂದು ಕರೆಯುತ್ತಿದ್ದ ಹಿರಿಯರು. ಅತ್ತೆ ಬಟ್ಟೆಯ ಪಟ್ಟಿಗಳನ್ನು ಜೋಡಿಸಿ ರಂಗದಷ್ಟು ಅಗಲದ ಪರದೆ ಹೊಲಿಯುವರು. ನಾನು ಅದನ್ನು ಉತ್ತರದ ದೊಡ್ಡ ಗೋಡೆಗೆ ನೇತುಹಾಕಿ, ಅಂಟು ಬಳಿದು ಒಣಗಿಸಿ, ಉದ್ದ ಕೋಲಿಗೆ ಕಟ್ಟಿದ ಕುಂಚದಿಂದ ಕಾಡೋ ಕಡಲೋ ಅರಮನೆಯೋ ಬರೆಯುವೆನು. ಹೊಲಿಗೆ ಕಂಡರೆ ಅತ್ತೆಗೆ ಅವಮಾನ, ಕಾಣದಿದ್ದರೆ ಅವರು ಹೊಲಿದದ್ದೇ ಯಾರಿಗೂ ತಿಳಿಯುವುದಿಲ್ಲ. ಇಂಥ ವಿಚಿತ್ರ ಕಸುಬಿನಲ್ಲೇ ಅವರ ತಲೆ ಬೆಳ್ಳಗಾಯಿತು.

ತಾವು ಮೊದಲ ಸಲ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಬೂಟಿಗೆ ಬಣ್ಣ ತಾಗದಂತೆ ತುದಿಗಾಲಲ್ಲಿ ನಡೆದು, ಗೋಡೆಯ ಮೇಲಿನ ಕಲೆಗಳನ್ನು ಮುಟ್ಟಿ, ಇಲ್ಲಿ ಸೃಷ್ಟಿಯ ಉಸಿರಾಟ ಕೇಳಿಸುತ್ತಿದೆಯೆಂದು ತಾವು ಕಣ್ಣು ಮುಚ್ಚಿಕೊಂಡಿರಿ. ಅದು ಗೋಂದಣ್ಣನ ಗೂರಲು ಎಂದು ಹೇಳಲು ನಮಗೆ ಮನಸ್ಸಾಗಲಿಲ್ಲ. ಬೇಸಗೆ ಮುಗಿಯುವುದರೊಳಗೆ ಆದೇಶ ಬಂತು: ಕಲಾವಿದರಿಗೆ ಶಾಶ್ವತ ನೆಲೆ ಒದಗಿಸುವ ಯೋಜನೆಗೆ ಈ ಕಟ್ಟಡ ಆಯ್ಕೆಯಾಗಿದೆ, ಆದ್ದರಿಂದ ಇಲ್ಲಿರುವ ಕಲಾವಿದರು ಕೂಡಲೇ ಖಾಲಿ ಮಾಡತಕ್ಕದ್ದು. ಆ ವಾಕ್ಯವನ್ನು ಅತ್ತೆ ನನ್ನಿಂದ ಎರಡೆರಡು ಸಲ ಓದಿಸಿಕೊಂಡರು. ಭಾಷೆಯಲ್ಲಿ ತಪ್ಪಿಲ್ಲ, ಹೊಲಿಗೆಯೇ ಕಾಣಿಸುವುದಿಲ್ಲ ಎಂದು ಮೆಚ್ಚಿಕೊಂಡೂ ಬಿಟ್ಟರು.

ನಾವು ಹೊರಟೆವು. ಗೋಂದಣ್ಣ ತಮ್ಮ ಭಾವಮೈದುನನ ಮನೆಯ ಮೆಟ್ಟಿಲ ಕೆಳಗೆ ಸೇರಿಕೊಂಡರು. ನಾನು ಪರದೆಯನ್ನು ಮನೆಗೆ ಒಯ್ದೆ. ನಮ್ಮ ಮನೆಯಲ್ಲಿ ಉದ್ದದ ಗೋಡೆಯೆಂದರೆ ಅಡುಗೆಮನೆಗೆ ಹೋಗುವ ಓಣಿಯದು. ಅಲ್ಲಿ ಕುಂಚ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರೆ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಕೂರಬೇಕು. ಪರದೆ ಬರೆಯುವವಳು ಬರೆಯುವುದಕ್ಕಿಂತ ಹೆಚ್ಚಾಗಿ ಹಿಂದೆ ನಡೆಯುತ್ತಾಳೆ ಮಾನ್ಯರೇ. ದೂರದಿಂದ ನೋಡದೆ ಕಡಲು ಕಡಲಾಗುವುದಿಲ್ಲ, ನೀಲಿ ಬಟ್ಟೆಯಾಗಿಯೇ ಇರುತ್ತದೆ. ಆದರೂ ಕಡಲಿನ ಎಡ ಅರ್ಧವನ್ನು ಓಣಿಯಲ್ಲಿ, ಬಲ ಅರ್ಧವನ್ನು ಮಲಗುವ ಕೋಣೆಯಲ್ಲಿ ಬರೆದು, ನಡುವೆ ಸೇರಿಸಿ ಹೊಲಿದು ನಾಟಕ ಮಂಡಳಿಗೆ ಕೊಟ್ಟೆವು.

ಆ ನಾಟಕದಲ್ಲಿ ತಾಯಿಯೊಬ್ಬಳು ಕಡಲಿಗೆ ಹೋದ ಮಗನಿಗಾಗಿ ಕಾಯುತ್ತಾಳೆ. ದೋಣಿ ಬರುವುದಿಲ್ಲ. ಕೊನೆಯ ದೃಶ್ಯದಲ್ಲಿ ಅವಳು ಪ್ರೇಕ್ಷಕರಿಗೆ ಬೆನ್ನು ಹಾಕಿ, ಕಡಲನ್ನು ಸುಮ್ಮನೆ ನೋಡುತ್ತ ನಿಲ್ಲಬೇಕು. ಪರದೆ ಇಳಿಯಿತು, ದೀಪ ಹತ್ತಿತು, ಮತ್ತು ನನ್ನ ಕಡಲು ಬಲಕ್ಕೆ ವಾಲಿಕೊಂಡಿತ್ತು. ಎಡಗಡೆಯ ನೀರಿನ ಅಂಚು ನಟಿಯ ತಲೆಯ ಮಟ್ಟಕ್ಕೆ, ಬಲಗಡೆಯದು ಸೊಂಟದ ಮಟ್ಟಕ್ಕೆ. ಸಭೆಯಿಂದ ಯಾರೋ ಒಬ್ಬರು, “ಅಕ್ಕಾ, ನೀರೆಲ್ಲ ಈ ಕಡೆ ಚೆಲ್ಲಿಹೋಗ್ತಿದೆ, ಸ್ವಲ್ಪ ಸರಿ ಮಾಡು” ಎಂದರು. ಇಡೀ ಮಂದಿರ ನಕ್ಕಿತು. ನಟಿ ಕದಲದೆ ನಿಂತಿದ್ದಳು. ಒಳಗೆ ಬಂದ ಮೇಲೆ ಅತ್ತಳು, ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಮಂಡಳಿಯ ಯಜಮಾನರು ಒಳ್ಳೆಯವರು. ಮುಂದಿನ ಪ್ರದರ್ಶನಗಳ ಸರದಿಯವರೆಗೆ ನೋಡೋಣ, ಆಗದಿದ್ದರೆ ಎಲ್ಲರಂತೆ ಮುದ್ರಿಸಿದ ಫ್ಲೆಕ್ಸ್ ಕಟ್ಟೋಣ ಎಂದಷ್ಟೇ ಹೇಳಿದರು. ಅತ್ತೆ ಅದನ್ನು ಕೇಳಿಸಿಕೊಂಡರು. ಮನೆಗೆ ಬಂದು ನಡುವಿನ ಹೊಲಿಗೆಯನ್ನು ಎಳೆ ಎಳೆಯಾಗಿ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ, ಕೊನೆಗೆ ಹೊಲಿಗೆಯಂತ್ರದ ಮೇಲೆ ಹಳೇ ಸೀರೆ ಹೊದಿಸಿಬಿಟ್ಟರು. “ನನ್ನ ಕಣ್ಣು ಹೋಯ್ತು ಕಣೆ. ಇನ್ನು ನಂಗೆ ಹೊಲಿಯೋಕೆ ಕೊಡಬೇಡ” ಎಂದರು. ತಪ್ಪು ಹೊಲಿಗೆಯದಲ್ಲ, ಗೋಡೆಯದು ಎಂದು ನಾನು ಎಷ್ಟು ಹೇಳಿದರೂ ಅವರ ತಲೆಗೆ ಹತ್ತಲಿಲ್ಲ. ಊಟಕ್ಕೆ ಕೂತರೂ ಯಂತ್ರಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು. ತಮ್ಮ ವಾರ್ಷಿಕ ವರದಿಯಲ್ಲಿ ಫಲಾನುಭವಿಗಳು ಎಂಬ ಅಧ್ಯಾಯವಿದೆಯಲ್ಲವೇ, ಈ ಸಂಗತಿಯನ್ನು ಅಲ್ಲಿ ಸೇರಿಸಿಕೊಳ್ಳಲು ನನ್ನ ಅಭ್ಯಂತರವಿಲ್ಲ.

ಇಂಥ ಹೊತ್ತಿನಲ್ಲಿ ತಮ್ಮ ಕರೆ ಬಂತು. ಕೇಂದ್ರದಲ್ಲಿ ಎಲ್ಲ ಇದೆ, ಕಲಾವಿದರು ಮಾತ್ರ ಒಬ್ಬರೂ ಕಾಣಿಸುತ್ತಿಲ್ಲವೆಂದು ಸಂದರ್ಶಕರು ಕೇಳುತ್ತಿರುವುದರಿಂದ, ನಾನು ಬಂದು ಗಾಜಿನ ಕೋಣೆಯಲ್ಲಿ ‘ಜೀವಂತ ಕಲಾವಿದೆ’ಯಾಗಿ ಕೂರಬೇಕೆಂದು ತಾವು ಕೋರಿದಿರಿ. ಸಂಬಳದ ಮಾತು ಬಂದಾಗ, ಸಾವಿರಾರು ಜನ ನೋಡುತ್ತಾರಲ್ಲ ಎಂದು ನಕ್ಕಿರಿ. ಗೋಡೆಗೆ ಖಾಲಿ ಬಟ್ಟೆ ನೇತುಹಾಕಿ, ಒಣ ಕುಂಚ ಆಡಿಸಬೇಕು, ಬಣ್ಣ ತರಬಾರದು, ನೆಲಕ್ಕೆ ಹೊಸ ಹೊಳಪು ಕೊಟ್ಟಿದೆ ಎಂದಿರಿ. ನಾನು ಸ್ವಲ್ಪ ತಡವರಿಸಿದ್ದಕ್ಕೆ ತಾವೇ ಧೈರ್ಯ ತುಂಬಿದಿರಿ: “ನೀವು ಏನೂ ಮಾಡೋದು ಬೇಡ ಮೇಡಂ. ಮಾಡ್ತಾ ಇರೋ ಹಾಗೆ ಕಂಡರೆ ಸಾಕು.”

ಒಪ್ಪಿಕೊಂಡೆ. ಯಾಕೆಂದರೆ ತಾವು ಹೇಳಿದ ಗಾಜಿನ ಕೋಣೆ ಇದ್ದದ್ದು ನನ್ನ ಉತ್ತರದ ಗೋಡೆಯ ಮುಂದೆ.

ಒಳಗೆ ಬಂದು ನೋಡಿದರೆ ತಮ್ಮ ಕಲಾಪ್ರೇಮಕ್ಕೆ ಕಣ್ಣು ತುಂಬಿ ಬಂತು. ಗೋಂದಣ್ಣ ಕೂರುತ್ತಿದ್ದ ಮೂಲೆಯಲ್ಲಿ ಗೋಂದಣ್ಣನಿಲ್ಲ, ಮರ ಹೆರೆಯುವ ಸದ್ದನ್ನು ಮಾತ್ರ ಧ್ವನಿಪೆಟ್ಟಿಗೆಯಿಂದ ಕೇಳಿಸುತ್ತಿದ್ದಿರಿ. ಅವರನ್ನು ಒಮ್ಮೆ ಕರೆದುಕೊಂಡು ಹೋಗಿ ಕೇಳಿಸಿದೆ. ಯಾರ ಉಳಿಯೋ ಮೊಂಡಾಗಿದೆ, ಸಾಣೆ ಹಿಡಿಸಲಿ ಎಂದು ಹೇಳಿ ಹೊರಟುಹೋದರು. ಬಾಗಿಲ ಬಳಿ ಮನುಷ್ಯರ ಸೃಜನಶೀಲತೆಯನ್ನು ಅಳೆಯುವ ಯಂತ್ರ. ಹಕ್ಕಿಯೊಂದನ್ನು ಬರೆಯಿರಿ ಎಂದು ಅದು ಅತ್ತೆಯನ್ನು ಕೇಳಿತು. ಯಾವ ಹಕ್ಕಿ ಎಂದು ಅತ್ತೆ ಕೇಳಿದ್ದಕ್ಕೆ ಅದೇ ಮಾತನ್ನು ಮತ್ತೆ ಹೇಳಿತು. ಅವರು ಬೆರಳಿನಿಂದ ಗುಬ್ಬಿ ಬರೆದರು, ಯಂತ್ರ ಅದನ್ನು ಚಪ್ಪಲಿಯೆಂದು ಗುರುತಿಸಿ, ಇನ್ನಷ್ಟು ಪ್ರಯತ್ನಿಸಿ ಎಂದು ಬೆನ್ನು ತಟ್ಟಿತು. ಆ ಯಂತ್ರವನ್ನು ಒಂದು ವಾರ ನಮ್ಮ ಮನೆಗೆ ಕಳಿಸಿಕೊಡಬೇಕೆಂದು ಅತ್ತೆಯ ವಿನಂತಿ; ಊಟ ಹಾಕಿ, ಗುಬ್ಬಿ ತೋರಿಸಿ ವಾಪಸು ಕಳಿಸುತ್ತಾರಂತೆ.

ಖಾಲಿ ಬಟ್ಟೆ ನೇತುಹಾಕಲು ತಾವೇ ಹೇಳಿದ್ದಿರಿ. ಆ ಬಟ್ಟೆಯನ್ನು ಅಷ್ಟಗಲ ಹೊಲಿಯಬೇಕಲ್ಲ. ಹೊಲಿಯದಿದ್ದರೆ ಫ್ಲೆಕ್ಸ್ ಬರುತ್ತದೆಂದು ನಾನು ಅತ್ತೆಗೆ ಹೇಳಿದೆ. ಮರುದಿನ ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಹೊಲಿಗೆಯಂತ್ರದ ಮೇಲಿನ ಸೀರೆ ತೆಗೆದು ಅರ್ಧ ಮುಗಿಸಿದ್ದರು. ಬಣ್ಣಗಳು ಬುತ್ತಿಯ ಡಬ್ಬಿಯಲ್ಲಿ ಬಂದವು. ನೀಲಿ ತುಂಬಿದ ಡಬ್ಬಿಯ ಮುಚ್ಚಳ ತೆರೆದು ನೋಡಿದ ತಮ್ಮ ಕಾವಲುಗಾರ ಇದೇನೆಂದು ಕೇಳಿದಾಗ, ಡಾಕ್ಟರು ಹೇಳಿದ ಪಥ್ಯ ಎಂದು ಅತ್ತೆ ತಣ್ಣಗೆ ಹೇಳಿದರು. ಆತ ಅವರನ್ನು ಬಹಳ ಮರುಕದಿಂದ ಒಳಗೆ ಬಿಟ್ಟ.

ಹೀಗೆ, ಮಾನ್ಯರೇ, ತಮ್ಮ ಕೇಂದ್ರದಲ್ಲಿ ಒಂದು ಕೆಲಸ ನಡೆಯತೊಡಗಿತು. ಅತ್ತೆ ಆ ತುದಿ, ನಾನು ಈ ತುದಿ ಹಿಡಿದು, ಸುಣ್ಣ ಸವರಿದ ದಾರವನ್ನು ಬಿಗಿಯಾಗಿ ಎಳೆದು ಮಿಡಿದೆವು. ಗೋಡೆಯುದ್ದಕ್ಕೂ ಒಂದೇ ನೇರ ಗೆರೆ ಬಿತ್ತು. ಆ ಗೆರೆಯನ್ನು ಕಂಡಾಗ ಅತ್ತೆ ಏಣಿಯ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು, ಸೆಖೆ ಎಂದರು. ತಮ್ಮ ಹವಾನಿಯಂತ್ರಣ ಅಂದು ಚೆನ್ನಾಗಿಯೇ ಇತ್ತು. ಆಮೇಲೆ ಆಕಾಶ ಬಂತು, ನೀರು ಬಂತು, ಗಾಜಿನಾಚೆ ಜನ ಬಂದರು. ಬಾಗಿಲ ಬಳಿಯ ಯಂತ್ರದ ಮುಂದಿನ ಸಾಲು ಕರಗಿ ನಮ್ಮ ಕಡೆ ಸೇರಿತು. ನಿನ್ನೆ ನೋಡಿ ಹೋದವರು ಇವತ್ತು ಅಲೆ ಎಲ್ಲಿಯವರೆಗೆ ಬಂದಿದೆ ನೋಡಲು ಮತ್ತೆ ಬರತೊಡಗಿದರು. ಈ ಅಶಿಸ್ತಿಗೆ ನಾವೇ ಕಾರಣರು.

ಮರಳಿನ ದಂಡೆಯೊಂದೇ ಬಾಕಿ ಇದ್ದ ದಿನ, ಅಂಟಿನ ವಾಸನೆ ತಮ್ಮ ಮಹಡಿಯವರೆಗೆ ಹೋಯಿತು. ಕಾವಲುಗಾರ ತಲೆ ತಗ್ಗಿಸಿ ಬಂದು, “ಅಮ್ಮಾ, ಇಲ್ಲಿ ನಿಜವಾಗಿ ಕೆಲಸ ಮಾಡೋಕೆ ಪರ್ಮಿಷನ್ ಇಲ್ಲವಂತೆ” ಎಂದ. ಹಾಗೆಂದು ಹೇಳಿ ಟೀ ಕುಡಿಯಲು ಹೋದವನು, ದಂಡೆಯ ಮರಳು ಪೂರ್ತಿ ಒಣಗುವವರೆಗೂ ಬರಲಿಲ್ಲ. ಅವನ ಟೀ ಅಷ್ಟು ಬಿಸಿ ಇದ್ದಿರಬೇಕು.

ತಾವು ನನ್ನನ್ನು ಗಾಜಿನ ಕೋಣೆಯಿಂದ ಬಿಡುಗಡೆ ಮಾಡಿದಿರಿ, ಪರದೆಯನ್ನು ಮಾಡಲಿಲ್ಲ. ಕೇಂದ್ರದೊಳಗೆ ಉಂಟಾದದ್ದೆಲ್ಲ ಕೇಂದ್ರದ ಆಸ್ತಿಯಂತೆ. ಗೋಂದಣ್ಣನ ಗೂರಲು ಕೂಡ ಅಲ್ಲೇ ಉಂಟಾದದ್ದು, ಅದನ್ನೂ ವಶಪಡಿಸಿಕೊಂಡರೆ ಅವರು ಜೀವನವಿಡೀ ತಮ್ಮನ್ನು ಹರಸುತ್ತಾರೆ. ತಮ್ಮ ಪರಿಣತರು ಪರದೆಯನ್ನು ಪರೀಕ್ಷಿಸಿ, ಕಡಲಿದ್ದೂ ದೋಣಿಯಿಲ್ಲದ್ದನ್ನು ಕಂಡುಹಿಡಿದು, ಕೆಳಗೆ ಫಲಕ ಹಾಕಿದರು: ‘ಅಪೂರ್ಣ ಕೃತಿ. ಕಲಾವಿದರು ಯಾರೆಂದು ತಿಳಿದುಬಂದಿಲ್ಲ.’ ಅದನ್ನು ನಾನು ಟಿಕೆಟ್ ಕೊಂಡು, ಸಾಲಿನಲ್ಲಿ ನಿಂತು ಓದಿದೆ. ದೋಣಿ ಬರುವುದಿಲ್ಲವೆಂಬುದೇ ನಾಟಕ, ಮಾನ್ಯರೇ. ಬರುವುದಿದ್ದರೆ ನಾನೇ ಬರೆಯುತ್ತಿದ್ದೆ.

ಮಂಡಳಿಯ ಸರದಿ ಹತ್ತಿರ ಬಂದಿತ್ತು. ಪರದೆ ನಾಟಕಕ್ಕೆ ಬರಲಾಗದಿದ್ದರೆ ನಾಟಕವೇ ಪರದೆಯ ಹತ್ತಿರ ಹೋಗಲಿ ಎಂದು ಯಜಮಾನರು ತೀರ್ಮಾನಿಸಿದರು. ಒಂದು ಮಧ್ಯಾಹ್ನ ಮಂಡಳಿಯವರೆಲ್ಲ ತಮ್ಮಲ್ಲಿಗೆ ಸಂದರ್ಶಕರಾಗಿ ಬಂದರು. ಗಾಜಿನ ಬಾಗಿಲು ಸರಿಸಿ, ನಟಿ ಮರಳಿನ ದಂಡೆಯ ಮುಂದೆ ನಿಂತು ಮೊದಲ ಮಾತು ಶುರುಮಾಡಿದಳು. ತಾವು ಮಹಡಿಯಿಂದ ಧಾವಿಸಿ ಬಂದದ್ದನ್ನು ನಾನು ನೋಡಿದೆ. ಆದರೆ ಕೇಂದ್ರಕ್ಕೆ ಇನ್ನೂ ಅನುದಾನ ಕೊಡಬಹುದೇ ಎಂದು ನೋಡಲು ಬಂದಿದ್ದ ತಮ್ಮ ಮೇಲಧಿಕಾರಿಣಿ ಅಷ್ಟರಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗಿತ್ತು. ತಾವು ಅವರ ಮುಖ ನೋಡಿದಿರಿ, ಮತ್ತು ತಾವೂ ಕೂತಿರಿ. ಅಂಥ ಸಮಯಸ್ಫೂರ್ತಿಯ ಅಭಿನಯ ನಮ್ಮ ಮಂಡಳಿಯಲ್ಲಿ ಯಾರಿಗೂ ಬಾರದು.

ಕೊನೆಯ ದೃಶ್ಯದಲ್ಲಿ ನಟಿ ನಮಗೆಲ್ಲ ಬೆನ್ನು ಹಾಕಿ ನಿಂತಳು. ಅವಳ ಮುಂದೆ ಕಡಲು ಮಟ್ಟಸವಾಗಿ, ಖಾಲಿಯಾಗಿ, ಬಹಳ ದೂರದವರೆಗೂ ಇತ್ತು. ಯಾರೂ ನಗಲಿಲ್ಲ. ಮೇಲಧಿಕಾರಿಣಿ ಕನ್ನಡಕ ತೆಗೆದು ಒರೆಸಿಕೊಂಡರು. ತಾವು ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದಿರಿ, ಕಲಾವಿದರನ್ನು ಉಳಿಸುವುದೆಂದರೆ ಇದೇ ಎಂದು ಅವರಿಗೆ ವಿವರಿಸತೊಡಗಿದಿರಿ.

ನಾಟಕ ಮುಗಿದ ಮೇಲೆ ಪರದೆ ಇಳಿಸುವುದು ನಮ್ಮ ರೂಢಿ. ಅತ್ತೆ ಏಣಿ ಹತ್ತಿ ಗಂಟು ಬಿಚ್ಚಿದರು. ಯಜಮಾನರು, ನಟಿ, ನಾನು ಸೇರಿ ಕಡಲನ್ನು ಕೋಲಿಗೆ ಸುತ್ತಿ ಹೆಗಲಿಗೇರಿಸಿದೆವು. ಇದೂ ನಾಟಕದ ಭಾಗವೆಂದುಕೊಂಡು ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು, ಚಪ್ಪಾಳೆ ಇನ್ನೂ ಜೋರಾಯಿತು, ತಾವೂ ತಟ್ಟುತ್ತಲೇ ಇದ್ದಿರಿ. ಹೊರಬಾಗಿಲ ಹತ್ತಿರ ಅತ್ತೆ ಕಾವಲುಗಾರನಿಗೆ, “ಬಾಗಿಲು ಹಿಡ್ಕೋಪ್ಪ, ಕೋಲು ತಗುಲುತ್ತೆ” ಎಂದರು. ಆತ ಹಿಡಿದ. ನಾವು ಬೀದಿಗೆ ಬಂದು, ಬಲಕ್ಕೆ ತಿರುಗಿ, ಮನೆಗೆ ಹೋದೆವು.

ಈಗ ತಾವು ‘ಕಾಣೆಯಾದ ಕಲಾಕೃತಿ’ಯನ್ನು ಹಿಂತಿರುಗಿಸುವಂತೆ ನೋಟೀಸು ಕಳಿಸಿದ್ದೀರಿ. ಕಲಾವಿದರು ಯಾರೆಂದು ತಿಳಿಯದ ಕೃತಿಗೆ ನೋಟೀಸು ನೇರ ನನ್ನ ಮನೆಗೇ ಬಂದದ್ದು ಹೇಗೆಂದು ನಾನು ಕೇಳುವುದಿಲ್ಲ. ಅಂತೂ ತಿಳಿದುಬಂತಲ್ಲ, ಅದೇ ಸಂತೋಷ. ಪರದೆ ದಿನವೂ ಸಂಜೆ ಕೆಲಸದಲ್ಲಿರುವುದರಿಂದ ಕಳಿಸಲಾಗುತ್ತಿಲ್ಲ. ಬೆಳಗಿನ ಹೊತ್ತು ಖಾಲಿ ಇರುವ ರಂಗವನ್ನು ಯಜಮಾನರು ನಮಗೆ ಬಿಟ್ಟುಕೊಟ್ಟಿದ್ದಾರೆ. ಅಲ್ಲಿನ ಹಿಂಗೋಡೆ ನಮ್ಮ ಹಳೆಯ ಗೋಡೆಯಷ್ಟು ಎತ್ತರವಿಲ್ಲ, ಬೆಳಕೂ ಸಾಲದು, ಆದರೆ ಹಿಂದೆ ನಡೆಯಲು ಜಾಗವಿದೆ. ಗೋಂದಣ್ಣ ಟಿಕೆಟ್ ಕೋಣೆಯಲ್ಲಿ ಮಧ್ಯಾಹ್ನದವರೆಗೆ ಪಿಟೀಲು ಅಂಟಿಸುತ್ತಾರೆ, ಮಧ್ಯಾಹ್ನದ ಮೇಲೆ ಟಿಕೆಟ್ ಹರಿಯುತ್ತಾರೆ. ಅತ್ತೆ ಹೊಲಿಯುತ್ತಿದ್ದಾರೆ. ಮುಂಚಿಗಿಂತ ಹೆಚ್ಚು ಬೈಯುತ್ತಿದ್ದಾರೆ, ಅಂದರೆ ಚೆನ್ನಾಗಿದ್ದಾರೆ.

ತಮ್ಮಲ್ಲಿ ಕೊನೆಯದಾಗಿ ಕೋರುವುದಿಷ್ಟೇ: ಇನ್ನು ಮುಂದೆ ಕಲಾವಿದರನ್ನು ಉಳಿಸಬೇಕೆನ್ನಿಸಿದಾಗಲೆಲ್ಲ ದಯವಿಟ್ಟು ಸ್ವಲ್ಪ ಹೊತ್ತು ಮಲಗಿಕೊಳ್ಳಿ. ಆ ಭಾವನೆ ತಾನಾಗಿ ಕಳೆದುಹೋಗುತ್ತದೆ, ನಾವೂ ಉಳಿಯುತ್ತೇವೆ.

ಇಂತಿ, ಇಷ್ಟಾದರೂ ತಮ್ಮ ಮೇಲೆ ವಿಶ್ವಾಸ ಕಳೆದುಕೊಳ್ಳಲು ಬಿಡುವಾಗದ,
ಪರದೆ ಬರೆಯುವವಳು

ಮರೆತ ಮಾತು: ಮುಂದಿನ ನಾಟಕದಲ್ಲಿ ಸರ್ಕಾರಿ ಕಚೇರಿಯ ದೃಶ್ಯವೊಂದಿದೆ. ಮೇಜು, ಗಂಟೆ, ಕುರ್ಚಿ ಎಲ್ಲ ಬರೆದಾಗಿದೆ. ಕುರ್ಚಿಯಲ್ಲಿ ಅಧಿಕಾರಿಯನ್ನೂ ಬರೆಯಲೇ ಎಂದು ಕೇಳಿದ್ದಕ್ಕೆ ಅತ್ತೆ, ಬೇಡ, ಕುರ್ಚಿಯ ಬೆನ್ನಿಗೆ ಒಂದು ಕೋಟು ನೇತುಹಾಕಿ ಬಿಡು, ಜನಕ್ಕೆ ಅರ್ಥವಾಗುತ್ತೆ ಎಂದರು. ತಮ್ಮ ಕೋಟು ಯಾವ ಬಣ್ಣದ್ದೆಂದು ತಿಳಿಸಿದರೆ ಉಪಕಾರವಾಗುತ್ತದೆ.